ಇರಪ್ಪಾ, ನಾಳಿ ಹೋಗೀಯಂತ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಮಂಗನಿಗೆ ಒಂದು ಚಪ್ಪಲಿ ಎಸೆದಳು. ಮಂಗ ತಪ್ಪಿಸಿಕೊಂಡಿತು. ಚಪ್ಪಲಿ ಕುದುರೆ ನೀರು ಕುಡಿಯುವ ಬಾನಿಯಲ್ಲಿ ಬಿತ್ತು. ತೆಗೆದು ಹಿಂಡಿದೆ, ತೊಯ್ದ ಹಗ್ಗದ ವಾಸನೆ ಬಂತು. ಚಪ್ಪಲಿಗೆ ಹಗ್ಗದ ವಾಸನೆ ಎಲ್ಲಿಂದ ಎಂದು ನೀವು ಕೇಳಬಹುದು. ಅದರ ಅಟ್ಟೆಯೇ ಹಗ್ಗದ್ದು. ಚಕ್ಕುಲಿ ಸುತ್ತಿದ ಹಾಗೆ ಹಗ್ಗ ಸುತ್ತಿ ಹೊಲಿದು, ಮೇಲೆ ನೀಲಿ ಬಟ್ಟೆ ಹಾಕಿದ್ದಾರೆ. ಬಿಜಾಪುರದ ಯಾವ ಅಂಗಡಿಯಲ್ಲೂ ಇಂಥದ್ದು ಸಿಗುವುದಿಲ್ಲ. ಸ್ಪೇನ್ ದೇಶದ್ದು. ತಂದವನು ಅಂತೋಣಿ. ನನ್ನ ಮದುವೆ ಮುರಿಯಲಿಕ್ಕೆಂದೇ ಸಮುದ್ರ ದಾಟಿ ಬಂದಿದ್ದಾನೆ ಎಂದು ಒಂದು ವಾರ ನಾನು ಅವನನ್ನು ಬೈದದ್ದುಂಟು.

ನಾನು ಶಾಲೆ ಕಲಿತದ್ದು ಕಡಿಮೆ. ಉದ್ದ ಮಾತು ಬರುವುದಿಲ್ಲ. ಟಾಂಗಾ ಹೊಡೆಯುವವನಿಗೆ ಬೇಕೂ ಇಲ್ಲ. ಎಲ್ಲಿಗೆ ಎಂದು ಹತ್ತಿಸಿಕೊಂಡು, ಬಂತು ಇಳೀರಿ ಎಂದು ಇಳಿಸಿದರೆ ಆಯಿತು. ಆದರೆ ನಮ್ಮ ಜನರಿಗೆ ಅಷ್ಟು ಸಾಲುವುದಿಲ್ಲ. ಬಂದವರು ಹೋಗುತ್ತೇವೆ ಎನ್ನಬೇಕು. ಮನೆಯವರು ಇರ್ರಿ, ನಾಳೆ ಹೋಗುವಿರಂತೆ ಎನ್ನಬೇಕು. ಅವರು ಒಲ್ಲೆ ಎನ್ನಬೇಕು. ಇವರು ಚೀಲ ಕಸಿದುಕೊಳ್ಳಬೇಕು, ಅವರು ತಿರುಗಿ ಕಸಿದುಕೊಳ್ಳಬೇಕು. ಇರುವ ಮನಸ್ಸು ಅವರಿಗೂ ಇರುವುದಿಲ್ಲ, ಇಟ್ಟುಕೊಳ್ಳುವ ಮನಸ್ಸು ಇವರಿಗೂ ಇರುವುದಿಲ್ಲ. ಇಷ್ಟರೊಳಗೆ ನನ್ನ ಕುದುರೆ ಬಾಗಿಲಲ್ಲಿ ಲದ್ದಿ ಹಾಕಿ ಮುಗಿಸಿರುತ್ತದೆ, ಅವರ ಬಸ್ಸು ತಿಕೋಟಾ ದಾಟಿರುತ್ತದೆ.

ಇರಲಿ, ಅಂತೋಣಿಯ ವಿಷಯ. ಕೆಲವು ವರ್ಷದ ಹಿಂದೆ ಸ್ಟೇಷನ್ನಿನಲ್ಲಿ ಅವನು ನನ್ನ ಟಾಂಗಾ ಹತ್ತಿದ. ನನ್ನದೇ ವಯಸ್ಸು, ಕೆಂಪು ಮೂಗು, ಹೆಗಲಿಗೆ ಚೀಲ. ಗೋಳಗುಮ್ಮಟ ನೋಡಲಿಕ್ಕೆ ಬಂದಿದ್ದ. ಪ್ರವಾಸಿ ಬಂಗಲೆ ತುಂಬಿತ್ತು. ಬಿಸಿಲಲ್ಲಿ ಅವನನ್ನು ಎಲ್ಲಿ ಬಿಡಲಿ? ಒಂದು ರಾತ್ರಿ ತಾನೇ ಎಂದು ಮನೆಗೆ ತಂದೆ. ಮನೆಯಲ್ಲಿ ನಾನು, ಅವ್ವ, ಮುಂದಿನ ಚಪ್ಪರದಲ್ಲಿ ಕುದುರೆ. ಕೆಳಗೊಂದು ಕೋಣೆ, ಮೇಲೊಂದು. ಮೇಲಿನದನ್ನು ಅವನಿಗೆ ಕೊಟ್ಟೆವು.

ಮರುದಿನ ಅವನು ಗುಮ್ಮಟ ನೋಡಿ ಬಂದು, ಚೀಲ ಹೆಗಲಿಗೇರಿಸಿ ಕೈಮುಗಿದ. ಅವ್ವ ಅದನ್ನು ಇಳಿಸಿ ಗೂಟಕ್ಕೆ ನೇತುಹಾಕಿದಳು.

"ಇರಪ್ಪಾ, ನಾಳಿ ಹೋಗೀಯಂತ. ಹೋಳಿಗಿ ಮಾಡೇನಿ."

ಮಾತು ತಿಳಿಯದಿದ್ದರೂ ಗೂಟ ತಿಳಿಯಿತು. ಉಂಡ. ಮಧ್ಯಾಹ್ನ ಮಲಗಿದ. ಅದರ ಮರುದಿನ ಮತ್ತೆ ಚೀಲ, ಮತ್ತೆ ಗೂಟ, ಮತ್ತೆ ಅದೇ ಮಾತು. ನಮ್ಮವನಾಗಿದ್ದರೆ ಎರಡು ಸಲ ಎಳೆದಾಡಿ ಹೋಗುತ್ತಿದ್ದ. ಇವನಿಗೆ ಎಳೆದಾಡುವುದು ಗೊತ್ತಿರಲಿಲ್ಲ. ಒಮ್ಮೆಗೇ ಇದ್ದುಬಿಡುತ್ತಿದ್ದ.

ಇದ್ದರೆ ಇರಲಿ ಎನ್ನುತ್ತಿದ್ದೆ. ಆದರೆ ಆ ಭಾನುವಾರ ಬಬಲೇಶ್ವರದಿಂದ ಹುಡುಗಿಯ ಅಪ್ಪ ಮನೆ ನೋಡಲಿಕ್ಕೆ ಬರುವವರಿದ್ದರು. ಹುಡುಗಿಯನ್ನು ನಾನು ನೋಡಿ ಬಂದಿದ್ದೆ. ಚಹಾ ಕೊಡುವಾಗ, "ನಿಮ್ಮ ಕುದ್ರಿ ಕಚ್ಚತೈತೇನ್ರಿ?" ಎಂದು ಕೇಳಿದ್ದಳು. ಅಲ್ಲಿಗೇ ನನ್ನ ಕಥೆ ಮುಗಿದಿತ್ತು. ಆಗದಿದ್ದರೆ ಬೇರೆ ಹುಡುಗಿ ಎನ್ನುವ ಮಾತೇ ಇರಲಿಲ್ಲ. ಮಗಳಿಗೆ ಬೇರೆ ಕೋಣೆ ಇದ್ದರೆ ಮಾತ್ರ ಕೊಡುತ್ತೇನೆ ಎಂದು ಅವಳ ಅಪ್ಪ ಹೇಳಿದ್ದರು. ಇದ್ದ ಒಂದು ಕೋಣೆಯಲ್ಲಿ ಅಂತೋಣಿಯ ಚಡ್ಡಿ ಒಣಗುತ್ತಿತ್ತು.

"ಯವ್ವಾ, ನಾಳಿಂದ ನೀ ಬಾಯಿ ಮುಚ್ಚಿಕೊಂಡಿರು. ತಾನ ಹೋಗ್ತಾನ," ಎಂದೆ.

"ಹೋಗ್ತೀನಿ ಅಂದವಗ ಹೋಗು ಅನ್ನಾಕ ಅಂವ ಏನ ನಾಯೇನೋ? ನನ್ನ ನಾಲಿಗಿ ಹೊಳ್ಳೂದಿಲ್ಲ."

"ಹಂಗಾರ ನಾ ಅಂತೀನಿ."

"ಅಂದು ನೋಡು. ರೊಟ್ಟಿ ಹಾಕೂದಿಲ್ಲ."

ಪಕ್ಕದ ಮನೆಯ ಮಾಸ್ತರರಿಗೆ ಇಂಗ್ಲಿಷ್ ಬರುತ್ತಿತ್ತು, ಅಂತೋಣಿಗೂ ಮುರುಕು ಇಂಗ್ಲಿಷ್ ಇತ್ತು. ಅವರನ್ನು ಕರೆತಂದು, "ಸರ್, ನೆಟ್ಟಗ ಹೋಗು ಅಂತ ಹೇಳ್ರಿ," ಎಂದೆ. ಮಾಸ್ತರರು ಕೆಮ್ಮಿದರು, ಟೋಪಿ ಸರಿಮಾಡಿಕೊಂಡರು, ಬಹಳ ಹೊತ್ತು ಮಾತಾಡಿದರು. ಅಂತೋಣಿಯ ಕಣ್ಣಲ್ಲಿ ನೀರು ಬಂತು. ಎದ್ದು ನನ್ನನ್ನು ಅಪ್ಪಿಕೊಂಡ.

"ಏನ ಹೇಳಿದ್ರಿ ಸರ್?"

"ಒಮ್ಮಿಗೇ ಹೆಂಗ ಅನ್ನೂದಪ್ಪಾ? ಮನಿ ಸಣ್ಣದು, ತಾಯಿ ಕೆಳಗ ಒಲಿ ಮುಂದ ಮಲಗ್ತಾಳ ಅಂತ ಸೂಚಿಸಿದೆ."

ಅಂತೋಣಿ ಹೇಳಿದ್ದನ್ನು ಮಾಸ್ತರರು ನನಗೆ ತಿಳಿಸಿದರು. ಅವನ ಊರು ಸ್ಪೇನಿನ ಕೊರ್ದೊಬಾ. ಅದೂ ನಮ್ಮೂರಿನ ಹಾಗೆ ಹಳೆಯದು. ಕಂಬವೇ ಕಂಬ ಇರುವ ಒಂದು ದೊಡ್ಡ ಹಳೆಯ ಮಸೀದಿ, ಸುತ್ತ ಸಂದಿಗೊಂದಿ, ಸುಣ್ಣದ ಗೋಡೆ, ಗೋಡೆಗೆಲ್ಲ ಹೂವಿನ ಕುಂಡ. ಅದನ್ನು ನೋಡಲಿಕ್ಕೆ ಬರುವ ಪರವೂರಿನವರಿಗೆ ಅವನ ತಾಯಿ ಮನೆಯ ಕೋಣೆ ಕೊಟ್ಟು, ತಾನು ಒಲೆಯ ಮುಂದೆ ಮಲಗುತ್ತಾಳೆ. ಬಂದವರದ್ದು ದಿನಾ ತಕರಾರು. ಇಗರ್ಜಿಯ ಗಂಟೆಯ ಸದ್ದಿಗೆ ನಿದ್ದೆ ಬರಲಿಲ್ಲ, ಸಂದಿಯಲ್ಲಿ ದಾರಿ ತಪ್ಪಿತು, ಮಧ್ಯಾಹ್ನ ಊರೆಲ್ಲ ಯಾಕೆ ಮಲಗುತ್ತದೆ, ರಾತ್ರಿಯಾದರೂ ಇನ್ನೂ ಒಲೆ ಯಾಕೆ ಹಚ್ಚಿಲ್ಲ. ಅದನ್ನೆಲ್ಲ ಅವಳು ಮರೆಯುತ್ತಾಳೆ. ಊಟಕ್ಕೆ ಇರು ಎಂದಾಗ ಒಲ್ಲೆ ಎಂದು ಹೋದವನನ್ನು ಮಾತ್ರ ವರ್ಷಗಟ್ಟಲೆ ಬೈಯುತ್ತಾಳೆ. "ಇಲ್ಲಿ ನಾ ಅಂಥಾವ ಆಗೂದಿಲ್ಲ ಅಂತಾನ," ಎಂದರು ಮಾಸ್ತರರು. "ಪಾಪ, ಒಳ್ಳೆ ಹುಡುಗ."

ಅವನಿಗೂ ಬೇಗ ಮುಂದಿನ ಊರಿಗೆ ಹೋಗಬೇಕಿತ್ತಂತೆ. ಕೇಳಿ ನನಗೆ ನಗೆಯೂ ಬರಲಿಲ್ಲ.

ಭಾನುವಾರ ಬಂತು. ಬಬಲೇಶ್ವರದ ಬಸ್ಸಿನಿಂದ ಇಳಿದವರನ್ನು ನಾನೇ ಟಾಂಗಾದಲ್ಲಿ ಕರೆತಂದೆ. ದೊಡ್ಡ ರುಮಾಲು, ಕೈಯಲ್ಲಿ ಚೀಲ, ಕಡಿಮೆ ಮಾತು. ಕಂಬಳಿಯ ಮೇಲೆ ಕೂತು ಚಹಾ ಕುಡಿದು ಗೋಡೆ ನೋಡಿದರು, ತೊಲೆ ನೋಡಿದರು, ಕುದುರೆ ನೋಡಿದರು.

"ಮ್ಯಾಲೊಂದು ಕೋಲಿ ಐತಿ ಅಂದಿದ್ರಿ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹಗ್ಗದ ಚಪ್ಪಲಿ ಕಂಡಿತು, ಆಮೇಲೆ ನನ್ನ ಧೋತರ, ಆಮೇಲೆ ಕೆಂಪು ಮೂಗು.

"ಇವರ್ಯಾರು?"

"ನಮ್ಮ ಮನಿಗೆ ಬಂದಾರ್ರಿ," ಎಂದಳು ಅವ್ವ.

"ಯಾವಾಗ ಹೋಗ್ತಾರು?"

ಬಂದವನ ಎದುರಿಗೆ ಇದಕ್ಕೆ ಉತ್ತರ ಹೇಗೆ ಕೊಡುವುದು? ಅವ್ವ ನನ್ನ ಮುಖ ನೋಡಿದಳು, ನಾನು ಕುದುರೆಯ ಮುಖ ನೋಡಿದೆ. ಅವರಿಗೆ ಬೇಕಾದ ಉತ್ತರ ಸಿಕ್ಕಿತು. ಎದ್ದು ಚೀಲ ಎತ್ತಿಕೊಂಡರು.

"ಬರ್ತೀವ್ರಿ. ಹೇಳಿ ಕಳಸ್ತೀವಿ."

ಹೇಳಿ ಕಳಿಸುತ್ತೇವೆ ಎಂದರೆ ಒಲ್ಲೆವು ಎಂದೇ ಅರ್ಥ. ಯಾರನ್ನೂ ಸುಮ್ಮನೆ ಕಳಿಸದವಳು ಸುಮ್ಮನೆ ನಿಂತುಬಿಟ್ಟಳು. ಇರ್ರಿ ಎನ್ನಬೇಕು ಎಂದು ನನಗೆ ಅನಿಸಿತು. ಆದರೆ ಆ ಮಾತು ನನ್ನ ಬಾಯಲ್ಲಿ ಎಂದೂ ಬಂದದ್ದಿಲ್ಲ, ಆಗಲೂ ಬರಲಿಲ್ಲ.

ಅಂತೋಣಿ ಅವ್ವನನ್ನು ನೋಡಿದ, ಖಾಲಿ ಗೂಟವನ್ನು ನೋಡಿದ. ದಿನಾ ಆಗುವುದು ಇವತ್ತು ಯಾಕೆ ಆಗಲಿಲ್ಲ ಎಂದು ಗಾಬರಿಯಾದವನ ಹಾಗೆ ಓಡಿಬಂದು, ಹಿರಿಯರ ಕೈಯಿಂದ ಚೀಲ ಕಸಿದು ಗೂಟಕ್ಕೆ ಹಾಕಿದ. ಥೇಟ್ ಅವ್ವನದೇ ರಾಗದಲ್ಲಿ, "ಇರಪ್ಪಾ, ನಾಳಿ ಹೋಗೀಯಂತ. ಹೋಳಿಗಿ ಮಾಡೇನಿ!" ಎಂದ.

ಊರ ಹಿರಿಯರಿಗೆ ಏಕವಚನ! ನಾನು ಕಣ್ಣು ಮುಚ್ಚಿಕೊಂಡೆ.

ನಗೆ ಕೇಳಿ ಕಣ್ಣು ತೆಗೆದೆ. ಹಿರಿಯರು ಗೋಡೆ ಹಿಡಿದುಕೊಂಡು ನಗುತ್ತಿದ್ದರು. ರುಮಾಲು ಕಿವಿಗೆ ಬಂದಿತ್ತು. "ನೀ ಮಾಡೀ ಏನೋ ಹೋಳಿಗಿ? ನೋಡೂಣು ತಾ!" ಎಂದು ಕೂತೇಬಿಟ್ಟರು.

ಹೋಳಿಗೆ ಎಲ್ಲಿತ್ತು? ಅವ್ವ ಆಗ ಬೇಳೆ ಒಲೆಗೇರಿಸಿದಳು. ಬೇಳೆ ಬೆಂದು, ಹೂರಣ ರುಬ್ಬಿ, ಊಟ ಆಗುವುದರೊಳಗೆ ಹೊತ್ತು ಇಳಿಯಿತು. ಉಂಡ ಮೇಲೆ ಹಿರಿಯರು, ಅಂತೋಣಿ ಇಬ್ಬರೂ ಮೇಲಿನ ಕೋಣೆಯಲ್ಲಿ ಗೊರಕೆ ಹೊಡೆದರು. ಎದ್ದಾಗ ಬಸ್ಸು ಹೋಗಿತ್ತು. ಸಂಜೆ ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಅವ್ವನಿಗೆ ಹೇಳಿದರು:

"ಅಲ್ರೀ ಅಕ್ಕಾರ, ಪರದೇಶದಾವ ಬಿಟ್ಟು ಹೋಗವಲ್ಲ ಅಂದ ಮ್ಯಾಲ ನಮ್ಮ ಹುಡುಗಿಗೆ ಇರಾಕ ಏನ ಧಾಡಿ?"

ಮರುದಿನ ಅಂತೋಣಿಯನ್ನು ಅವರೇ ಬಬಲೇಶ್ವರಕ್ಕೆ ಕರೆದುಕೊಂಡು ಹೋದರು. ಅಲ್ಲಿ ನನ್ನ ಅತ್ತೆಯೂ ಇರಪ್ಪಾ ಎಂದಳಂತೆ. ಪಾಪ, ಎಷ್ಟು ದಿನ ಸಿಕ್ಕಿಬಿದ್ದಿದ್ದನೋ. ಅಲ್ಲಿಂದ ಮಾವನ ಜೋಡು ಮೆಟ್ಟಿಕೊಂಡು ಹೋದ. ಅಲ್ಲೇ ಬಿಟ್ಟ ಹಗ್ಗದ ಚಪ್ಪಲಿ ಹೆಂಡತಿಯ ಜೊತೆ ನಮ್ಮ ಮನೆಗೆ ಬಂತು.

ಇವತ್ತು ಅದು ಕಟ್ಟೆಯ ಮೇಲೆ ಒಣಗುತ್ತಿರುವಾಗ ಮಾವ ಬಂದರು. ಮಗಳನ್ನು ಮಾತಾಡಿಸಿದರು, ಚಹಾ ಕುಡಿದರು, ಚೀಲ ಎತ್ತಿಕೊಂಡರು. ಎಂದಿನ ಹಾಗಾಗಿದ್ದರೆ "ಬರ್ರಿ, ಟಾಂಗಾ ಕಟ್ಟೇನಿ" ಎಂದು ಬಸ್ಸಿಗೆ ಬಿಟ್ಟು ಬರುತ್ತಿದ್ದೆ. ಇವತ್ತು ನನ್ನ ಕೈ ಚೀಲಕ್ಕೆ ಹೋಯಿತು.

"ಇರ್ರಿ ಮಾವಾರ, ನಾಳಿ ಹೋಗೀರಂತ. ಹೋಳಿಗಿ ಮಾಡ್ಯಾರ."

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಳೆದಾಡಲಿಲ್ಲ. ಕಟ್ಟೆಯ ಮೇಲಿನ ಹಸಿ ಚಪ್ಪಲಿಯನ್ನೂ ಅದರ ಒಣ ಜೋಡಿಯನ್ನೂ ಮೆಟ್ಟಿಕೊಂಡು ಕಾಲು ತೊಳೆಯಲು ಹೋದರು.

ಒಳಗಿನಿಂದ ಹೆಂಡತಿ ಕೂಗಿದಳು: "ಯಾರ ಮಾಡ್ಯಾರ್ರಿ ಹೋಳಿಗಿ? ಮನಿಯಾಗ ಒಂದ ಹಿಡಿ ಬ್ಯಾಳಿ ಇಲ್ಲ!"

ಟಾಂಗಾ ಕಟ್ಟಿದ್ದು ಕಟ್ಟಿದಂತೆ ಇತ್ತು. ಬೇಳೆ ತರಲಿಕ್ಕೆ ಪೇಟೆಗೆ ಹೊಡೆದೆ.