ಶೈಲಜಾ ಮಿಸ್ ಕೂರಿಸಿದ ಜೋಡಿ

ಶಿಡ್ಲಘಟ್ಟದ ಒಂದು ಸರ್ಕಾರಿ ಶಾಲೆಯಲ್ಲಿ ಶೈಲಜಾ ಮಿಸ್ ಇಪ್ಪತ್ತೆರಡು ವರ್ಷ ಪಾಠ ಹೇಳಿದರು. ಉತ್ತಮ ಶಿಕ್ಷಕಿ ಎಂದು ಹೊದಿಸಿದ ಶಾಲು ಬೀರುವಿನಲ್ಲಿದೆ. ಅದನ್ನು ಹೊರಗೆ ತೆಗೆಯಲು ಈಗ ಅವರಿಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಮಿನತಿ ಎಂಬ ಹುಡುಗಿ.

ಮಿಸ್ ಹುಟ್ಟಿದ್ದು ಚೇಳೂರಿನ ಕಡೆ. ಮನೆಯಲ್ಲಿ ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ಒಂದನೇ ಕ್ಲಾಸಿಗೆ ಸೇರಿದ ದಿನ ಏನೂ ಅರ್ಥವಾಗದೆ ಅಳುತ್ತಿದ್ದ ಅವರನ್ನು ಮೇಷ್ಟರು ಲಕ್ಷ್ಮೀನರಸಮ್ಮ ಎಂಬ ದೊಡ್ಡ ಹುಡುಗಿಯ ಪಕ್ಕ ಕೂರಿಸಿದರು. ಅವಳು ಕಿವಿಯಲ್ಲಿ ತೆಲುಗಿನಲ್ಲಿ ಹೇಳಿಕೊಟ್ಟಳು. ತಿಂಗಳೊಪ್ಪತ್ತಿನಲ್ಲಿ ಕನ್ನಡ ಬಂತು. ನಮ್ಮ ಕಡೆ ಹೊಸ ಮಕ್ಕಳಿಗೆ ಭಾಷೆ ಹತ್ತಿಸುವುದು ಹೀಗೇ, ಜೋಡಿ ಕೂರಿಸಿಬಿಡುವುದು. ಯಾವ ತರಬೇತಿಯೂ ಬೇಡ, ಕೈಪಿಡಿಯೂ ಬೇಡ. ಮಿಸ್ ಕೂಡ ಟೀಚರಾದ ಮೇಲೆ ಎಷ್ಟೋ ತೆಲುಗು ಮಕ್ಕಳನ್ನು ಹೀಗೇ ದಡ ಸೇರಿಸಿದರು.

ಮಿನತಿ ನಾಲ್ಕನೇ ಕ್ಲಾಸಿಗೆ ಬಂದವಳು. ಒಡಿಶಾದಿಂದ ಬಂದಿದ್ದ ಅಪ್ಪ ಅಮ್ಮ ಇಬ್ಬರಿಗೂ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸ. ಅವಳ ಮಾತು ಇಲ್ಲಿ ಯಾರಿಗೂ ಬಾರದು. ಮಿಸ್ ಊಟದ ಬಿಡುವಿನಲ್ಲಿ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ತಟ್ಟೆ, ಲೋಟ, ಕಿಟಕಿ ಎಂದು ಒಂದೊಂದೇ ತೋರಿಸಿ ಕಲಿಸಿದರು. ಹುಡುಗಿ ಬಲು ಚೂಟಿ. ಆರು ತಿಂಗಳಿಗೆ ಕನ್ನಡದಲ್ಲಿ ಜಗಳವಾಡುವಷ್ಟಾದಳು. ಮಿಸ್ ಹಿಗ್ಗಿ ಹೀರೇಕಾಯಿಯಾದರು.

ಅಲ್ಲಿಗೇ ನಿಲ್ಲಬೇಕಿತ್ತು. ಮುಂದಿನ ವರ್ಷ ಒಡಿಶಾದಿಂದ ಇನ್ನೂ ನಾಲ್ಕು ಮನೆಯವರು ಬಂದರು, ಆಮೇಲೆ ಮತ್ತಷ್ಟು. ಚಿಕ್ಕ ಕ್ಲಾಸಿನವರ ನಲಿಕಲಿ ಕೋಣೆಯಲ್ಲಿ ಹೊಸ ಮಗು ಅತ್ತರೆ ಮಿಸ್ ಐದನೇ ಕ್ಲಾಸಿನ ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು.

"ಮಿನತಿ, ಸ್ವಲ್ಪ ಬಾರಮ್ಮ. ಐದೇ ನಿಮಿಷ."

ಅವಳು ಮಗುವಿನ ಪಕ್ಕ ಕೂತು ತಮ್ಮ ಮಾತಿನಲ್ಲಿ ಹೇಳಿಕೊಡುತ್ತಿದ್ದಳು. ಐದು ನಿಮಿಷ ಒಂದು ಪೀರಿಯಡ್ ಆಯಿತು. ಪೀರಿಯಡ್ ಬೆಳಗ್ಗೆಯೆಲ್ಲಾ ಆಯಿತು. ಗಣಿತ ಬೆಳಗ್ಗೆಯೇ ಇರುತ್ತಿತ್ತು. ಹುಡುಗಿ ಒಂದು ದಿನವೂ ಒಲ್ಲೆ ಎನ್ನಲಿಲ್ಲ. ಚಿಕ್ಕಬಳ್ಳಾಪುರದಿಂದ ಬಂದ ಅಧಿಕಾರಿಗಳು ಈ ಕೋಣೆ ನೋಡಿ ಬೆರಗಾಗಿ ಫೋಟೊ ಹಿಡಿದರು. ಶಾಲು ಬಂದದ್ದು ಆಗಲೇ. ಮಿನತಿಗೆ ಒಂದು ಪೆನ್ನು ಸಿಕ್ಕಿತು.

ಮಿಸ್ ನಿವೃತ್ತರಾದ ಮೇಲೆ, ಹೋದ ವರ್ಷ, ಹೈಸ್ಕೂಲಿನ ಗಣಿತದ ಮೇಷ್ಟರು ಮೋಹನ್‌ಬಾಬು ತರಕಾರಿ ಅಂಗಡಿಯ ಹತ್ತಿರ ಸಿಕ್ಕರು.

"ನಿಮ್ಮ ಮಿನತಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ್ಲು ಮೇಡಂ. ಕನ್ನಡದಲ್ಲಿ ತೊಂಬತ್ತು. ಆದ್ರೆ ಭಿನ್ನರಾಶಿನೇ ಬರಲ್ಲ. ಅದನ್ನ ಐದನೇ ಕ್ಲಾಸಲ್ಲೇ ಹೇಳ್ಕೊಡ್ತಾರಲ್ವಾ?"

ಮಿಸ್‌ಗೆ ನಲಿಕಲಿ ಕೋಣೆ ನೆನಪಾಯಿತು. ಐದನೇ ಕ್ಲಾಸಿನವರು ಭಿನ್ನರಾಶಿ ಕಲಿಯುವಾಗ ಹುಡುಗಿ ಎಲ್ಲಿದ್ದಳೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತೆಲುಗು ಮಕ್ಕಳ ವಿಷಯ ಬೇರೆ. ಅರ್ಧ ಕ್ಲಾಸಿಗೆ ತೆಲುಗು ಬರುತ್ತಿತ್ತು, ಮಿಸ್‌ಗೂ ಬರುತ್ತಿತ್ತು. ಆ ಕೆಲಸದ ಭಾರ ಎಲ್ಲರಿಗೂ ಹಂಚಿಹೋಗುತ್ತಿತ್ತು. ಇಲ್ಲಿ ಅಷ್ಟೂ ಒಂದು ಮಗುವಿನ ತಲೆಯ ಮೇಲೆ ಬಿದ್ದಿತ್ತು. ಇದು ಆಗ ಅವರಿಗೆ ಹೊಳೆದಿರಲೇ ಇಲ್ಲ. ಹೊಳೆದಿದ್ದರೆ ಶಾಲು ಬರುತ್ತಿರಲಿಲ್ಲವೇನೋ.

ಮರುದಿನವೇ ಮಿನತಿಯ ಮನೆಗೆ ಹೋದರು. "ತಪ್ಪು ನಂದು ಕಣಮ್ಮ. ಮರುಪರೀಕ್ಷೆಗೆ ನಾನು ಹೇಳ್ಕೊಡ್ತೀನಿ," ಎಂದರು. ಹುಡುಗಿ ನಕ್ಕು, "ಅಯ್ಯೋ, ಹಂಗೆಲ್ಲಾ ಅನ್ಬೇಡಿ ಮಿಸ್," ಎಂದು ಚಾಪೆ ಹಾಸಿದಳು. ದಿನಾ ಸಂಜೆ ನಾಲ್ಕಕ್ಕೆ ಪಾಠ ಶುರುವಾಯಿತು. ಪರೀಕ್ಷೆಗೆ ಹನ್ನೆರಡು ದಿನವಿತ್ತು.

ಮೂರನೆಯ ದಿನ ಮಿನತಿ ಮೊದಲ ಸಲ ತಾನಾಗಿಯೇ ಒಂದು ಲೆಕ್ಕ ಬಿಡಿಸುತ್ತಿದ್ದಳು. ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದಳು. ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಒಡಿಶಾದಿಂದ ಹೊಸದಾಗಿ ಬಂದವಳು. ಕೈಯಲ್ಲಿ ಆಸ್ಪತ್ರೆ ಚೀಟಿ, ಸೊಂಟದಲ್ಲಿ ಜ್ವರದಿಂದ ಬಾಡಿದ ಮಗು. ಮಿನತಿಯ ಪೆನ್ನು ನಿಂತಿತು.

"ಐದೇ ನಿಮಿಷ ಮಿಸ್," ಎಂದು ಏಳಲು ಹೋದಳು.

"ನೀನು ಏಳಬೇಡ. ನಾನು ನೋಡ್ತೀನಿ," ಎಂದು ಶೈಲಜಾ ಮಿಸ್ ತಾವೇ ಬಾಗಿಲಿಗೆ ಹೋದರು. ಚೀಟಿ ಇಸಿದುಕೊಂಡು ಓದಿದರು. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಎಲ್ಲಾ ತಿಳಿಯಿತು. ಹೇಳಲು ಬಾಯಿ ತೆರೆದರು. ಹೆಂಗಸು ಅವರ ಮುಖವನ್ನೇ ನೋಡುತ್ತಾ ಏನೋ ಕೇಳಿದಳು, ಮತ್ತೆ ಕೇಳಿದಳು. ಅಷ್ಟು ವರ್ಷ ಆ ಮಕ್ಕಳ ನಡುವೆ ಇದ್ದರೂ ಅವರ ಭಾಷೆಯ ಒಂದು ಮಾತನ್ನೂ ಮಿಸ್ ಕಲಿತಿರಲಿಲ್ಲ. ಬೆರಳು ಮಡಿಸಿ ತೋರಿಸಿದರು. ಹೆಂಗಸಿಗೆ ಗಾಬರಿ ಹೆಚ್ಚಾಯಿತು. ಮಗು ಅಳತೊಡಗಿತು.

ಶೈಲಜಾ ಮಿಸ್ ಹಿಂದಕ್ಕೆ ತಿರುಗಿದರು. ಲೆಕ್ಕ ಇನ್ನೂ ಎರಡು ಸಾಲು ಬಾಕಿ ಇತ್ತು.

"ಮಿನತಿ," ಎಂದರು, "ಸ್ವಲ್ಪ ಬಾರಮ್ಮ."