ಗಂಟೆ ಕಟ್ಟಿದ ಕಾಟಿ

ಸಾಹೇಬ್ರುಗಳು ಕಾಡು ನೋಡಕೆ ಅಂತ ಕಾರಲ್ಲಿ ಬರಕೆ ಶುರು ಮಾಡಿದ್ದು ನಾನು ಮದ್ವೆಯಾಗಿ ಬಂಡೀಪುರದ ಪಕ್ಕದ ಹಳ್ಳಿಗೆ ಬಂದ ಹೊಸದರಲ್ಲಿ, ಐವತ್ತರ ದಶಕದಲ್ಲಿ. ನಮಗೆ ಕಾಡು ಅಂದ್ರೆ ಸೌದೆ ತರೋ ಜಾಗ, ದನ ಮೇಯ್ಸೋ ಜಾಗ, ಆನೆ ಬಂದ್ರೆ ಬಿದ್ದಂಬೀಳ ಓಡೋ ಜಾಗ. ಅದನ್ನ ನೋಡಕೆ ಮೈಸೂರಿಂದ ಪೆಟ್ರೋಲ್ ಸುಟ್ಕೊಂಡು ಬತ್ತಾರಲ್ಲ, ಇವರಿಗೆ ಬೇರೆ ಗೇಮೆ ಕೆಲಸ ಇಲ್ವ ಅಂತ ನಾನು ಅಂದ್ರೆ ನನ್ನ ಗಂಡ ರೇಗೋನು. ಅವರು ಬಂದ್ರೇ ಅವನಿಗೆ ಅನ್ನ. ಅವನು ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್. ಮಳೆ ಹಿಡಿದು ಜನ ಬರೋದು ನಿಂತರೆ ಮನೆಗೆ ಕಳಿಸಿಬಿಡೋರು. ಕೆಲಸ ಕಾಯಂ ಆಗ್ಲಿ ಅಂತ ಬೆಟ್ಟದ ಮಾದಪ್ಪನಿಗೆ ಮುಡಿ ಹರಕೆ ಹೊತ್ತಿದ್ದ. ಅವನ ತಲೇಲಿ ಕೊಡಕೆ ಏನೂ ಇರಲಿಲ್ಲ, ಅದಕ್ಕೆ ನನ್ನ ಮುಡಿ.

ಒಂದು ಸಲ ಭಾರಿ ದೊಡ್ಡ ಸಾಹೇಬರು ಹೆಂಡತಿ ಸಮೇತ ಬತ್ತಾರೆ, ಕಾಟಿ ನೋಡ್ಲೇಬೇಕಂತೆ ಅಂತ ಸುದ್ದಿ ಬಂತು. ಕಾಟಿ ಅಂದ್ರೆ ಕಾಡೆಮ್ಮೆ. ಕಾಟಿ ಕಂಡ್ರೆ ನಿನ್ನ ಕಾಯಂ ವಿಷಯ ಸಾಹೇಬರ ಕಿವಿಗೆ ಹಾಕ್ತೀನಿ, ಕಾಣದಿದ್ರೆ ನಾಳೆಯಿಂದ ಬರಬೇಡ ಅಂತ ರೇಂಜರು ಹೇಳಿದ್ರಂತೆ. ಕಾಟಿ ಏನು ಇವರ ಮನೆ ಜೀತದಾಳ, ಕೂಗಿದ ತಕ್ಷಣ ಬರಕೆ?

ಮರದ ಮೇಲೆ ಅಟ್ಟಣೆ ಕಟ್ಟಿ, ಅದರ ಮುಂದಿನ ಬಯಲಲ್ಲಿ ಕಾಟಿ ನೆಕ್ಕಲಿ ಅಂತ ಉಪ್ಪು ಸುರೀತಿದ್ರು. ಬರೀ ಉಪ್ಪಿಗೆ ಯಾರು ಬತ್ತಾರೆ ಅಂತ ನನ್ನ ಗಂಡನಿಗೆ ಬುದ್ಧಿ ಓಡ್ತು. ನಮ್ಮ ಕರಿ ಹಸೂಗೆ ಅಂತ ನಾನು ಎತ್ತಿಟ್ಟಿದ್ದ ಕಡಲೆಕಾಯಿ ಹಿಂಡಿ, ತೌಡು ಎರಡನ್ನೂ ಹೊತ್ಕೊಂಡು ಹೋಗಿ ಉಪ್ಪಿಗೆ ಬೆರೆಸಿಬಿಟ್ಟ. ಅದು ಹಸು ತಿನ್ನೋದು ಅಂತ ನಾನು ಬಾಯಿ ಮಾಡಿದೆ.

"ಕಾಟಿ ಏನ್ ಬ್ಯಾರೆ ಜಾತಿಯ? ಅದೂ ದನವೇ ಕಣಮ್ಮಿ" ಅಂದ.

ಸಾಹೇಬರು ಬಂದದ್ದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಕ್ಕಲ್ಲ, ಬಸವಣ್ಣನ ದಿನ. ಊರಿನ ಎತ್ತು ದನ ಎಲ್ಲಾ ಕಾಡಂಚಿಗೆ ಬಿಟ್ಟಿರ್ತಾರೆ. ಹುಟ್ಟಿದಾಗಿನಿಂದ ನೋಡಿರೋ ಇದನ್ನ ಆ ಮಾರಾಯ ಮರೆತೇಬಿಟ್ಟಿದ್ದ. ಕಾಟಿ ಗ್ಯಾನದಲ್ಲಿ ವಾರ ಎಲ್ಲಿ ನೆನಪಿರ್ತದೆ!

ಸಾಹೇಬರಿಗೆ ಕಾಫಿ ಕೊಡಕೆ ಅಂತ ನನ್ನನ್ನೂ ಅಟ್ಟಣೆ ಮೇಲೆ ಹತ್ತಿಸಿದ್ರು. ಬಿಸಿಲು ಇಳೀತಿತ್ತು. ಪೊದೆ ಅಲ್ಲಾಡ್ತು. ಎಲ್ಲರೂ ಉಸಿರು ಬಿಗಿ ಹಿಡಿದ್ರು. ಮೊದಲು ಒಂದು ಕರೀ ಮೂತಿ ಬಂತು, ಆಮೇಲೆ ಕೊರಳಿನ ಗಂಟೆ ಟಣ್ ಅಂತು. ನಮ್ಮ ಹಸು! ಹಿಂಡಿ ವಾಸನೆ ಹಿಡ್ಕೊಂಡು ನೆಟ್ಟಗೆ ಬಂದು ನೆಕ್ಕಕೆ ನಿಂತಳು. ಅವಳ ಹಿಂದೆ ಊರಿನ ಎತ್ತುಗಳು. ನನ್ನ ಗಂಡನ ಮುಖ ನೋಡಕಾಗ್ತಿರಲಿಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಸಾಹೇಬರು ಮಾತ್ರ ದುರ್ಬೀನು ಹಿಡಿದು ಭೇಷ್ ಭೇಷ್ ಅಂತವ್ರೆ. ಕಾಟಿ ಕೊರಳಲ್ಲಿ ಗಂಟೆ ಯಾಕೆ ಅಂತ ಅವರ ಹೆಂಡತಿ ಕೇಳಿದ್ರು. ಗುರುತಿಗೆ ಇಲಾಖೆಯವರೇ ಕಟ್ಟಿದ್ದು ಅಂದ್ರು ರೇಂಜರು, ಕಣ್ಣು ಮಿಟುಕಿಸದೆ. ಹಿಂದಿರೋದು ಬೆಳ್ಳಗಿದೆಯಲ್ಲ ಅಂದ್ರೆ, ವಯಸ್ಸಾದ ಮೇಲೆ ಕಾಟಿಗೂ ಕೂದಲು ನರೀತದೆ ತಾಯಿ ಅಂದ್ರು. ಅಂಥಾ ಸುಳ್ಳು ಹೇಳಕೂ ಓದಿರಬೇಕು ಬಿಡಿ.

ಕೆಲಸ ಕಾಯಂ ಆಯ್ತು. ಬೆಟ್ಟಕ್ಕೆ ಹೋಗಿ ನನ್ನ ಮುಡಿ ಕೊಟ್ಟು ಬಂದೆವು. ಬೋಳು ತಲೆಗೆ ಸೆರಗು ಹೊದ್ಕೊಂಡು ನಾನು ಖುಷಿಯಾಗೇ ಇದ್ದೆ, ಸುಳ್ಳು ಯಾಕೆ ಹೇಳ್ಲಿ. ಇನ್ನು ಮಳೆ ಬಂದ್ರೂ ನಮ್ಮ ಒಲೆ ಆರಲ್ಲ ಅಂತ.

ಅಷ್ಟರಲ್ಲಿ ದೊಡ್ಡ ಸಾಹೇಬರ ಕಡೆಯಿಂದ ಆರ್ಡರ್ ಬಂತು. ಅಟ್ಟಣೆ ಮುಂದಿನ ಬಯಲು ಕಾಟಿಗಳು ಗುಂಪಾಗಿ ಬರೋ ಅಪರೂಪದ ಜಾಗ, ಊರಿನ ದನ ಅಲ್ಲಿಗೆ ಕಾಲಿಟ್ರೆ ಹಿಡಿದು ದೊಡ್ಡಿಗೆ ಕೂಡಬೇಕು, ಅದೇ ಹೊಸದಾಗಿ ಕಾಯಂ ಆದ ವಾಚರನ ಕೆಲಸ. ಹಳ್ಳಿಯವರು ತಮ್ಮ ದನ ಬೇರೆ ಕಡೆಗೆ ಹೊಡ್ಕೊಂಡು ಹೋದ್ರು. ಹಿಂಡಿ ರುಚಿ ಕಂಡಿದ್ದ ನಮ್ಮ ಹಸು ಕೇಳಬೇಕಲ್ಲ. ಕಟ್ಟಿದ್ರೆ ಹಗ್ಗ ಕಿತ್ತುಕೊಂಡು ಅಲ್ಲಿಗೇ ಓಡೋಳು. ನನ್ನ ಗಂಡ ಹೊಸ ಖಾಕಿ ಹಾಕ್ಕೊಂಡು ಮೊದಲು ದೊಡ್ಡಿಗೆ ಕೂಡಿದ್ದು ಅವಳನ್ನೇ. ದಂಡ ಕಟ್ಟಿ ಬಿಡಿಸ್ಕೊಂಡು ಬಂದ್ರೆ ಮತ್ತೆ ಹೋದಳು, ಮತ್ತೆ ಕೂಡಿದ. ಹಿಂಗೇ ಆದ್ರೆ ಕೆಲಸ ಉಳಿಯಲ್ಲ ಅಂತ ಕೊನೆಗೆ ತೆರಕಣಾಂಬಿ ಸಂತೆಗೆ ಹೊಡ್ಕೊಂಡು ಹೋಗಿ ಮಾರಿಬಿಟ್ಟು, ಗಂಟೆ ಒಂದನ್ನ ಕೈಲಿ ಹಿಡ್ಕೊಂಡು ಬಂದ. ನಾನು ಕೊಟ್ಟಿಗೆಯಲ್ಲಿ ಕೂತು ಅತ್ತೆ.

ಆವತ್ತು ಉಣ್ಣಕೆ ಕೂತವನ ಮುಂದೆ ಮುದ್ದೆ, ಸೊಪ್ಪಿನ ಸಾರು ಇಟ್ಟೆ. ಅವನು ಅಭ್ಯಾಸ ಬಲದಲ್ಲಿ ಮಜ್ಜಿಗೆ ಕೇಳಿದ.

ನಾನು ಆ ಗಂಟೆ ತಂದು ತಟ್ಟೆ ಪಕ್ಕ ಮಡಗಿದೆ.

"ಅಟ್ಟಣೆ ತಾವ್ಕೆ ಓಗಿ, ಕಾಟಿ ಹಿಡಿದು ಹಾಲು ಕರಿ. ಮಜ್ಜಿಗೆ ಮಾಡ್ಕೊಡ್ತೀನಿ" ಅಂದೆ.