ಕೆಂಪಿಗೆ ಏಳು ತುಂಬಿದಾಗ

ಬೆಳಗಾಗುತ್ತಲೇ ಹಸು ಕೆಂಪಿಯನ್ನು ಹಿಡಿದುಕೊಂಡು ಹೆಗ್ಗನಹಳ್ಳಿಯ ಬೋರಮ್ಮ ಬಸವೇಶ್ವರನಗರದ ಹೊಸ ಮನೆಗಳ ಕಡೆ ಹೊರಡುತ್ತಿದ್ದಳು. ಐದು ಮನೆ, ಐದು ಬಾಗಿಲಲ್ಲೂ ಕಣ್ಣೆದುರೇ ಹಾಲು ಕರೆದುಕೊಡಬೇಕು. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಅಂಥ ಹಾಲಿಗೆ ಇನ್ನೂ ಮರ್ಯಾದೆಯಿತ್ತು. ಮನೆಯಾಕೆಯರು ಪಾತ್ರೆ ಕೊಟ್ಟು ಅಲ್ಲೇ ನಿಲ್ಲುತ್ತಿದ್ದರು. ಎಲ್ಲಿ ನೀರು ಸೇರಿಸಿಬಿಡುತ್ತಾಳೋ ಎಂಬ ಗುಮಾನಿ. ಅದು ಬೋರಮ್ಮನಿಗೂ ಗೊತ್ತಿತ್ತು. ಗುಮಾನಿಯಿಂದಲೇ ಆಗಲಿ, ನಿಂತಿರುತ್ತಿದ್ದರಲ್ಲ. ನಿಂತವರು ಸುಮ್ಮನಿರಲಾರದೆ ಮಳೆಯ ಮಾತು, ಸೀಮೆಎಣ್ಣೆ ಸಿಗದ ಮಾತು ಆಡುತ್ತಿದ್ದರು. ಬಿನ್ನಿಪೇಟೆಯ ಮಿಲ್ಲಿನಲ್ಲಿದ್ದ ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದಿನವಿಡೀ ಅವಳ ಪಾಲಿಗೆ ಬರುತ್ತಿದ್ದ ಮಾತೆಲ್ಲ ಆ ಐದು ಬಾಗಿಲಿನದ್ದೇ. ಅದಕ್ಕೇ ಅವಳು ನಿಧಾನವಾಗಿ ಕರೆಯುತ್ತಿದ್ದಳು.

ಜೂನ್ ತಿಂಗಳಲ್ಲಿ ಕೊನೆಯ ಮನೆಯ ಜಯದೇವಿ ರಾಗ ಎಳೆದಳು.

"ಬೋರಮ್ಮ, ಹಾಲು ಯಾಕೋ ಉಪ್ಪುಪ್ಪು. ಹೊಟ್ಟೆ ನೋಡಿದ್ರೆ ಗಬ್ಬ ಇದ್ದಂಗಿದೆ. ಡಾಕ್ಟರ್‌ಗೆ ತೋರ್ಸು, ಅಲ್ಲೀವರೆಗೂ ನಮಗೆ ಹಾಲು ಬೇಡ."

ಬೋರಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ದೀಪಾವಳಿಗೆ ಮುಂಚೆ ಹೋರಿ ಕೊಡಿಸಿದವಳು ಅವಳೇ. ಗಬ್ಬಕ್ಕೆ ಏಳು ತಿಂಗಳು ತುಂಬಿದರೆ ಹಾಲು ಬತ್ತಿಸಬೇಕು ಎಂಬುದೂ ಗೊತ್ತು. ಆಮೇಲೆ ಕರು ಹಾಕುವವರೆಗೆ ಆ ಐದು ಬಾಗಿಲಿಗೆ ಹೋಗಲು ನೆಪವೇ ಇರುವುದಿಲ್ಲ. ಅದನ್ನು ನೆನೆದರೇ ಅವಳಿಗೆ ಭಯವಾಗುತ್ತಿತ್ತು.

ದನದ ಆಸ್ಪತ್ರೆಯಲ್ಲಿ ಡಾಕ್ಟರು ಲಕ್ಷ್ಮೀಪತಿ ತೋಳಿಗೆ ಸೋಪು ಹಚ್ಚಿಕೊಂಡರು.

"ಹೋರಿ ಯಾವಾಗ ಕೊಡಿಸಿದ್ದು?"

"ಸಂಕ್ರಾಂತಿ ಆದ್ಮೇಲೆ ಸಾರ್. ಐದು ತಿಂಗಳಾಗಿರ್ಬೋದು."

ಡಾಕ್ಟರು ಮೊಣಕೈವರೆಗೂ ಕೈ ಹಾಕಿ, ಬೇಲಿಯಾಚೆಗೆಲ್ಲೋ ನೋಡುತ್ತ ಒಳಗೆ ತಡವಿದರು. ಬೋರಮ್ಮ ಬಾಲ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಳು.

"ಕರು ತಲೆ ಕೈಗೆ ಸಿಗ್ತಾ ಇದೆ ಕಣಮ್ಮ. ಏಳು ತುಂಬಿ ಎಷ್ಟೋ ದಿನ ಆಗಿದೆ. ಹಸು ಸಾಕೋಳು, ನಿನಗೆ ಗೊತ್ತಾಗಲ್ವಾ? ಇನ್ನು ಕರೀಬೇಡ, ಅಷ್ಟು ದೂರ ನಡೆಸ್ಲೂಬೇಡ. ಒಳಗಿರೋದಕ್ಕೂ ಒಂದಿಷ್ಟು ಬಿಡು."

ಕೆಂಪಿಯ ಮುಖ ನೋಡಲು ಬೋರಮ್ಮನಿಗೆ ನಾಚಿಕೆಯಾಯಿತು.

ಸಂಜೆ ಒಬ್ಬಳೇ ಹೋಗಿ ಐದೂ ಮನೆಗೆ ಹೇಳಿ ಬಂದಳು. ಆಗಲಿ, ಡೈರಿ ಹಾಲು ತರಿಸಿಕೊಳ್ಳುತ್ತೇವೆ ಎಂದರು. ಒಬ್ಬರಾದರೂ ಕೂತು ಹೋಗು ಎನ್ನಲಿಲ್ಲ. ಹಾಲಿನವಳನ್ನು ಯಾರು ಕೂರಿಸುತ್ತಾರೆ!

ನಾಲ್ಕು ದಿನ ಹೇಗೋ ಕಳೆಯಿತು. ಸಗಣಿ ಬಾಚಿ, ಹುಲ್ಲು ಹಾಕಿ, ಮುದ್ದೆ ತಿರುವಿದರೂ ಹೊತ್ತು ಒಂಬತ್ತು ದಾಟುತ್ತಿರಲಿಲ್ಲ. ಐದನೆಯ ದಿನ ಕೆಂಪಿಯನ್ನು ಕೂಗಿದಾಗ ತನ್ನ ಗಂಟಲು ಕಟ್ಟಿಕೊಂಡಿದ್ದು ಅವಳಿಗೆ ತಿಳಿಯಿತು. ಕಾಯಿಲೆಯೇನಿರಲಿಲ್ಲ, ನಾಲ್ಕು ದಿನದಿಂದ ಮಾತಾಡಿರಲಿಲ್ಲ, ಅಷ್ಟೆ. ಡಾಕ್ಟರ ಮಾತು ನೆನಪಿದ್ದೂ ಹಗ್ಗ ಬಿಚ್ಚಿದಳು.

ನಾಲ್ಕು ಮನೆಯ ಬಾಗಿಲು ಮುಚ್ಚಿತ್ತು. ಮೆಟ್ಟಿಲ ಮೇಲೆ ಡೈರಿಯ ಖಾಲಿ ಬಾಟಲಿಗಳಿದ್ದವು. ಐದನೆಯ ಮನೆಯಲ್ಲಿ ಜಯದೇವಿ ಹೊರಗೆ ಬಂದಳು.

"ಹಾಲಿಲ್ಲ ಅಂದ್ಮೇಲೆ ಯಾಕೆ ಬಂದೆ ಬೋರಮ್ಮ?"

"ನಾನೆಲ್ಲಿ ಬಂದೆ ತಾಯಿ. ಇದಕ್ಕೆ ಅಭ್ಯಾಸ. ಬಿಚ್ಚಿದ್ದೇ ತಡ, ಈ ಕಡೆಗೇ ಎಳ್ಕೊಂಡ್ ಬಂದ್ಬಿಡ್ತು."

ಜಯದೇವಿ ನೋಡಿದಳು. ಬೋರಮ್ಮ ಗೇಟಿನ ಹತ್ತಿರ ಇದ್ದಳು. ಕೈಯಲ್ಲಿದ್ದ ಹಗ್ಗ ಬಿಗಿಯಾಗಿತ್ತು. ಅದರ ಆ ತುದಿಯಲ್ಲಿ, ರಸ್ತೆಯ ನಡುವೆ, ಕೆಂಪಿ ಕಾಲೂರಿ ನಿಂತು ಹೆಗ್ಗನಹಳ್ಳಿಯ ಕಡೆಗೇ ತಿರುಗಲು ಜಗ್ಗುತ್ತಿತ್ತು.

ಜಯದೇವಿ ಕಾವಲು ಕಾಯಲು ಹಾಲಿಲ್ಲದಿದ್ದರೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು.